ಕೊಂಬಿನ ಬಿಲ್ಲೆ

"ಗುರುಗಳೇ, ಅನ್ಯಾಯವಾದಾಗ ಕೋಪ ಮಾಡಿಕೊಳ್ಳುವುದು ತಪ್ಪೇ?" ಎಂದು ಶಾಂತವೀರ ಕೇಳಿದ.

ಆ ದಿನವೇ ಅವನಿಗೆ ಸುದ್ದಿ ಮುಟ್ಟಿತ್ತು. ದೊಡ್ಡ ಮಠದ ಪಾಠಶಾಲೆಯಲ್ಲಿ ಮುಖ್ಯ ಉಪಾಧ್ಯಾಯನ ಸ್ಥಾನ ಈ ಸಲವೂ ಬೇರೆಯವನ ಪಾಲಾಗಿತ್ತು. ಆ ಬೇರೆಯವನು ಮಠದ ಪಾರುಪತ್ಯಗಾರನ ಅಳಿಯ. ವ್ಯಾಕರಣದ ಮೊದಲ ಪಾಠವನ್ನೂ ತಪ್ಪಿಲ್ಲದೆ ಒಪ್ಪಿಸಲಾರದವನು.

"ನನಗಿಂತ ಹೆಚ್ಚು ಓದಿದವನಿಗೆ ಕೊಟ್ಟಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ" ಎಂದ ಶಾಂತವೀರ. "ಇಷ್ಟು ವರ್ಷ ಅದೊಂದನ್ನೇ ಕೇಳಿಕೊಂಡು ಬಂದೆ. ನಮ್ಮ ಮಕ್ಕಳಿಗೆ ಓದಿಸುವವರಿಲ್ಲ ಬನ್ನಿ ಎಂದು ಬೇರೆ ಊರಿನವರು ಕರೆದರು, ಹೋಗಲಿಲ್ಲ. ಹೋದರೆ ಈ ಅನ್ಯಾಯವನ್ನು ನಾನೇ ಒಪ್ಪಿಕೊಂಡಂತಾಗುತ್ತದೆ. ಮುಂದಿನ ಸಲವೂ ಅದನ್ನೇ ಕೇಳುತ್ತೇನೆ. ನನ್ನ ಕೋಪ ನ್ಯಾಯವಾದದ್ದು ಹೌದೋ ಅಲ್ಲವೋ, ನೀವೇ ಹೇಳಿ."

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಕುಳಿತುಕೋ" ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದ ನಾಡು. ಅದನ್ನು ಒಬ್ಬ ಪಾಳೆಯಗಾರ ಆಳುತ್ತಿದ್ದ. ಅವನ ತಂದೆಯ ಕಾಲದಲ್ಲಿ ಯಾರು ಬೇಕಾದರೂ ಕಾಡಿಗೆ ಹೋಗಿ ಬೇಟೆಯಾಡಬಹುದಿತ್ತು. ಬೆಟ್ಟದ ಮೇಲಿನ ಕಾಡಿನಲ್ಲಿ ಕವಲುಗೊಂಬಿನ ದೊಡ್ಡ ಕಡವೆಗಳಿದ್ದವು. ಎಲ್ಲರೂ ಅವುಗಳ ಬೆನ್ನು ಹತ್ತಿದ್ದರಿಂದ ಅವು ಮುಗಿಯುತ್ತ ಬಂದವು. ಇದನ್ನು ಕಂಡು ಪಾಳೆಯಗಾರ ಒಂದು ಕಟ್ಟಳೆ ಮಾಡಿದ. ಅರಮನೆಯ ತಾಮ್ರದ ಬಿಲ್ಲೆ ಕೊರಳಲ್ಲಿಲ್ಲದೆ ಯಾರೂ ಕಡವೆಯ ಮೇಲಾಗಲಿ ಜಿಂಕೆಯ ಮೇಲಾಗಲಿ ಬಾಣ ಬಿಡಕೂಡದು. ಬಿಟ್ಟವನ ಬಲಗೈ ಹೆಬ್ಬೆರಳನ್ನು ಕತ್ತರಿಸುತ್ತಿದ್ದರು.

ಬಿಲ್ಲೆಗಳು ಎರಡು ಬಗೆಯವು. ಒಂದು ಮೇಲ್ಗಾಡಿನ ಕಡವೆಯದು. ಜನ ಅದನ್ನು ಕೊಂಬಿನ ಬಿಲ್ಲೆ ಎಂದು ಕರೆಯುತ್ತಿದ್ದರು. ವರ್ಷಕ್ಕೆ ಅಂಥದ್ದು ಒಂದೇ ಬಿಲ್ಲೆ. ಅದನ್ನು ಬಯಸಿದವರೆಲ್ಲ ತಮ್ಮ ಗುರುತು ಕೊರೆದ ಒಂದೊಂದೇ ಕಲ್ಲನ್ನು ಒಂದು ಮಡಕೆಯೊಳಗೆ ಹಾಕಬೇಕು. ಅರಮನೆಯ ಅಧಿಕಾರಿ ಕೈಯಿಟ್ಟು ಒಂದು ಕಲ್ಲನ್ನು ತೆಗೆಯುವನು. ಯಾರ ಕಲ್ಲು ಬಂತೋ ಅವನಿಗೆ ಬಿಲ್ಲೆ. ಅವನು ಕಡವೆಯನ್ನು ಹೊಡೆದು ಕೊಂಬನ್ನು ಮನೆಯ ಬಾಗಿಲ ಮೇಲೆ ಕಟ್ಟಿಕೊಳ್ಳಬಹುದು. ಪಾಳೆಯಗಾರನೇ ಅವನ ತಲೆಗೆ ರುಮಾಲು ಸುತ್ತುತ್ತಿದ್ದ.

ಇನ್ನೊಂದು ಹೊಲದ ಬಿಲ್ಲೆ. ಬೆಟ್ಟದ ಕೆಳಗಿನ ಕುರುಚಲಿನಲ್ಲಿ ಜಿಂಕೆಗಳು ಹಿಂಡು ಹಿಂಡಾಗಿದ್ದವು. ರಾತ್ರಿಯಾದರೆ ಪೈರಿಗೆ ನುಗ್ಗುತ್ತಿದ್ದವು. ಹೊಲದ ಬಿಲ್ಲೆಗೆ ಮಡಕೆಯೂ ಇಲ್ಲ, ಕಲ್ಲೂ ಇಲ್ಲ. ಕೇಳಿದ ಬೇಟೆಗಾರನಿಗೆ ಕೊಡುತ್ತಿದ್ದರು, ಆದರೆ ಅವನ ಊರಿನ ಗಡಿಯೊಳಗೆ ಮಾತ್ರ. ಒಬ್ಬನು ಎರಡನ್ನೂ ಕೇಳುವಂತಿರಲಿಲ್ಲ. ಕೊಂಬಿನ ಬಿಲ್ಲೆ ಕೇಳಿ ಅದು ಸಿಗದೆ ಹೋದರೆ ಆ ವರ್ಷವೆಲ್ಲ ಅವನ ಬಿಲ್ಲು ಗೋಡೆಯ ಮೇಲೆ.

ಕುರುಚಲಿನ ಅಂಚಿನಲ್ಲಿದ್ದ ಒಂದು ಊರಿನಲ್ಲಿ ಬೀರಣ್ಣನೆಂಬ ಬೇಟೆಗಾರನಿದ್ದ. ಆ ಊರಿಗೆ ಅವನೊಬ್ಬನೇ ಬೇಟೆಗಾರ. ಅವನು ಗುರಿಯಿಟ್ಟರೆ ಮೃಗ ಇದ್ದಲ್ಲೇ ಬೀಳುತ್ತಿತ್ತು. ಎರಡನೆಯ ಬಾಣ ಬೇಕಾಗುತ್ತಿರಲಿಲ್ಲ. ಮೊದಲೆಲ್ಲ ಅವನು ಹೊಲದ ಬಿಲ್ಲೆಯನ್ನೇ ಕೇಳುತ್ತಿದ್ದ. ಪೈರು ಎದ್ದು ನಿಲ್ಲುವ ಹೊತ್ತಿಗೆ ಕೆಲವು ಜಿಂಕೆಗಳನ್ನು ಹೊಡೆಯುತ್ತಿದ್ದ. ಉಳಿದ ಹಿಂಡು ಬೆದರಿ ಕುರುಚಲಿನ ಒಳಕ್ಕೆ ಸರಿಯುತ್ತಿತ್ತು. ಮಾಂಸವನ್ನು ಊರಿಗೆಲ್ಲ ಹಂಚುತ್ತಿದ್ದ. ಸುಗ್ಗಿಯಲ್ಲಿ ಮನೆಮನೆಯವರು ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ಊರು ಉಣ್ಣುತ್ತಿತ್ತು, ಅವನೂ ಉಣ್ಣುತ್ತಿದ್ದ.

ಒಂದು ವರ್ಷ ಅವನಿಗೆ ಅನ್ನಿಸಿತು, ಇಂಥ ಬಿಲ್ಲುಗಾರ ಒಮ್ಮೆಯಾದರೂ ಕಡವೆಯ ಮುಂದೆ ನಿಲ್ಲಬೇಡವೇ ಎಂದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವನು ತನ್ನ ಕಲ್ಲನ್ನು ಮಡಕೆಗೆ ಹಾಕಿದ. ಅವನ ಕಲ್ಲು ಬರಲಿಲ್ಲ. ಪಾಳೆಯಗಾರನ ಭಾವಮೈದುನನ ಕಲ್ಲು ಬಂತು. ಅದೃಷ್ಟ ಎಂದುಕೊಂಡು ಬೀರಣ್ಣ ಮನೆಗೆ ಹೋದ.

ಮರುವರ್ಷವೂ ಭಾವಮೈದುನನ ಕಲ್ಲೇ ಬಂತು.

ಆ ಭಾವಮೈದುನನಿಗೆ ಬಿಲ್ಲಿನ ಹೆದೆ ಎಳೆಯಲೂ ಬರುತ್ತಿರಲಿಲ್ಲ. ಅವನನ್ನು ಪಲ್ಲಕ್ಕಿಯಲ್ಲಿ ಕಾಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಆಳುಗಳು ಕಡವೆಯನ್ನು ಬಲೆಗೆ ಕೆಡವಿ ಈಟಿಯಿಂದ ತಿವಿಯುತ್ತಿದ್ದರು. ಅವನು ಬಂದು ಸತ್ತ ಮೃಗಕ್ಕೆ ಒಂದು ಬಾಣ ಚುಚ್ಚುತ್ತಿದ್ದ. ಆಮೇಲೆ ರುಮಾಲು ಸುತ್ತಿಸಿಕೊಂಡು ಪೇಟೆಯಲ್ಲಿ ಮೆರೆಯುತ್ತಿದ್ದ. ಇದನ್ನು ಕೇಳಿದ ದಿನ ಬೀರಣ್ಣನಿಗೆ ಊಟ ಸೇರಲಿಲ್ಲ. ಆ ಬಿಲ್ಲೆ ತನ್ನದು, ತನ್ನಿಂದ ಅದನ್ನು ಕದಿಯುತ್ತಿದ್ದಾರೆ ಎಂದು ಅವನಿಗೆ ಖಚಿತವಾಯಿತು. ಅವನು ತಿಳಿದದ್ದು ಸುಳ್ಳಲ್ಲ. ಕದಿಯುತ್ತಿದ್ದದ್ದು ನಿಜ.

ಇತ್ತ ಊರಿನಲ್ಲಿ ಜಿಂಕೆಗಳಿಗೆ ಹೆದರಿಕೆ ಬಿಟ್ಟುಹೋಯಿತು. ಮೊದಲು ಅಂಚಿನ ಸಾಲುಗಳನ್ನು ಮೇಯುತ್ತಿದ್ದವು. ಈಗ ಹೊಲದ ನಡುವೆಯೇ ಮಲಗತೊಡಗಿದವು. ಜನ ತಮಟೆ ಬಡಿದರು, ಬೆಂಕಿ ಹಾಕಿದರು, ಮುಳ್ಳಿನ ಬೇಲಿ ಕಟ್ಟಿದರು. ಬಡಿದಷ್ಟು ಹೊತ್ತು ಅವು ಕಿವಿ ನಿಮಿರಿಸಿ ನೋಡುತ್ತಿದ್ದವು. ನಿಲ್ಲಿಸಿದರೆ ಮೇಯುತ್ತಿದ್ದವು.

ಬೀರಣ್ಣನ ಮನೆಯ ಎದುರಿಗೆ ಕಲ್ಲವ್ವ ಎಂಬ ಒಕ್ಕಲಗಿತ್ತಿಯ ಮನೆ. ಅವಳ ಹೊಲ ಕುರುಚಲಿಗೆ ಒತ್ತಿಕೊಂಡೇ ಇತ್ತು. ಮಡಕೆಯ ದಿನ ಹತ್ತಿರವಾದಾಗ ಅವಳು ಬೀರಣ್ಣನ ಜಗುಲಿಗೆ ಬಂದು ನಿಂತಳು.

"ಅಣ್ಣಾ, ಈ ವರ್ಷ ಹೊಲದ ಬಿಲ್ಲೆ ಕೇಳು" ಎಂದಳು. "ನವಣೆ ಮೊಣಕಾಲುದ್ದ ಬಂದಿದೆ. ಇದೂ ಹೋದರೆ ಮಕ್ಕಳ ಬಾಯಿಗೆ ಏನಿಡಲಿ?"

"ಕಲ್ಲವ್ವಾ, ನಿನಗೆ ಗೊತ್ತಿಲ್ಲ" ಎಂದ ಬೀರಣ್ಣ. "ನಾನು ಹೊಲದ ಬಿಲ್ಲೆ ಕೇಳಿದರೆ ಆ ಕಳ್ಳ ಗೆದ್ದಂತೆ. ನನ್ನ ಹೆಸರು ಮಡಕೆಯಿಂದ ಅಳಿಸಿಹೋಗಲಿ ಎಂದೇ ಅವರು ಕಾಯುತ್ತಿದ್ದಾರೆ. ನಾನು ಬಿಡುವವನಲ್ಲ. ಇದು ನ್ಯಾಯದ ಮಾತು."

"ನ್ಯಾಯದ ಮಾತೇ ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ನಿನ್ನ ಸಿಟ್ಟನ್ನು ಬೇಯಿಸಿ ನನ್ನ ಮಕ್ಕಳಿಗೆ ಉಣಬಡಿಸಲಾಗುವುದಿಲ್ಲವಲ್ಲಣ್ಣ."

ಬೀರಣ್ಣನಿಗೆ ಅವಳ ಮೇಲೂ ಕೋಪ ಬಂತು. ಅನ್ಯಾಯ ಮಾಡಿದವರನ್ನು ಬಿಟ್ಟು, ಅನ್ಯಾಯಕ್ಕೆ ಒಳಗಾದವನ ಬಾಗಿಲಿಗೆ ಬಂದು ಇವಳು ಕೇಳುತ್ತಾಳಲ್ಲ ಎಂದುಕೊಂಡ. ಅವಳು ಹೋಗುವವರೆಗೂ ಮುಖ ತಿರುಗಿಸಿಯೇ ಕುಳಿತಿದ್ದ. ಒಳಗಿನಿಂದ ಅವನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಆ ವರ್ಷವೂ ಅವನು ಕಲ್ಲನ್ನು ಮಡಕೆಗೇ ಹಾಕಿದ. ಆ ವರ್ಷವೂ ಭಾವಮೈದುನನ ಕಲ್ಲೇ ಬಂತು.

ನವಣೆ ತೆನೆಗಟ್ಟುವ ಹೊತ್ತಿಗೆ ಕಲ್ಲವ್ವನ ಗಂಡನ ತಾಳ್ಮೆ ಮುಗಿಯಿತು. ಅವನು ಬಿದಿರು ಬಗ್ಗಿಸಿ ಒಂದು ಬಿಲ್ಲು ಮಾಡಿದ. ಉತ್ತು ಬಿತ್ತಿದ ಕೈ ಅದು, ಗುರಿಯಿಡಲು ಕಲಿತದ್ದಲ್ಲ. ಬಾಣ ಒಂದು ಜಿಂಕೆಯ ತೊಡೆಗೆ ನಾಟಿತು. ಅದು ನೆತ್ತರು ಸುರಿಸುತ್ತ ಓಡಿ, ಗಸ್ತು ಬರುತ್ತಿದ್ದ ಅರಮನೆಯವರ ಎದುರಿಗೇ ಹೋಗಿ ಬಿತ್ತು. ಅವರು ನೆತ್ತರಿನ ಜಾಡು ಹಿಡಿದು ಹೊಲಕ್ಕೆ ಬಂದರು. ಅವನು ಓಡಲಿಲ್ಲ. ಬಿಲ್ಲನ್ನು ಬಚ್ಚಿಡಲೂ ಇಲ್ಲ. ತಿಂದುಹೋದ ಸಾಲುಗಳನ್ನು ತೋರಿಸಿ, ನೋಡಿ ಎಂದ. ಅವರು ನೋಡಲಿಲ್ಲ. ಕಟ್ಟಳೆಯಂತೆ ಅವನ ಹೆಬ್ಬೆರಳು ಹೋಯಿತು.

ಹೆಬ್ಬೆರಳಿಲ್ಲದವನು ಕುಡುಗೋಲು ಹಿಡಿಯಲಾರ, ನೇಗಿಲ ಮೇಣಿಯನ್ನು ಒತ್ತಲಾರ.

ಸುದ್ದಿ ಕೇಳಿ ಬೀರಣ್ಣ ಕೆರಳಿದ. ಒಬ್ಬ ಬಡವನ ಬೆರಳು ಕತ್ತರಿಸುವ ಅರಮನೆ, ತನ್ನ ಮನೆಯ ಕಳ್ಳನಿಗೆ ರುಮಾಲು ಸುತ್ತುತ್ತದೆಯೇ? ಇದನ್ನೇ ಅವನು ಕಟ್ಟೆಯ ಮೇಲೆ ಕುಳಿತು ಎಲ್ಲರ ಮುಂದೆ ಹೇಳಿದ. ಜನ ಹೌದು ಹೌದು ಎಂದರು. ಎದುರುಮನೆಯಲ್ಲಿ ಕಲ್ಲವ್ವ ಗಂಡನ ಕೈಗೆ ಅರಿಶಿನ ಮೆತ್ತುತ್ತಿದ್ದಳು. ಅವಳಿಗೂ ಆ ಮಾತು ಕೇಳಿಸುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ಮತ್ತೆ ಮಡಕೆಯ ದಿನ ಬಂತು. ಅರಮನೆಯ ಅಂಗಳದಲ್ಲಿ ನಾಡೆಲ್ಲ ಸೇರಿತ್ತು. ಪಾಳೆಯಗಾರ ಮೇಲೆ ಕುಳಿತಿದ್ದ. ಅಧಿಕಾರಿ ಮಡಕೆಗೆ ಕೈಯಿಟ್ಟು ಒಂದು ಕಲ್ಲನ್ನು ತೆಗೆದು ಎತ್ತಿ ಹಿಡಿದ. ಭಾವಮೈದುನನ ಗುರುತು.

ಬೀರಣ್ಣ ಜನರನ್ನು ನೂಕಿಕೊಂಡು ಮುಂದೆ ಬಂದ. ಕಾವಲಿನವರು ಹಿಡಿಯುವ ಮೊದಲೇ ಮಡಕೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಕಲ್ಲುಗಳು ಅಂಗಳದ ತುಂಬ ಚೆಲ್ಲಿದವು. ಅವನು ಮೊಣಕಾಲೂರಿ ಒಂದೊಂದನ್ನೇ ತಿರುವಿ ನೋಡಿದ. ಒಂದನ್ನು ಆರಿಸಿ ಪಾಳೆಯಗಾರನ ಮುಂದೆ ಹಿಡಿದ. ಅದರ ಮೇಲೂ ಭಾವಮೈದುನನದೇ ಗುರುತು ಇತ್ತು.

"ಒಡೆಯಾ, ಒಬ್ಬನಿಗೆ ಒಂದೇ ಕಲ್ಲು" ಎಂದ. "ಅವರ ಕಲ್ಲು ಮಡಕೆಯಲ್ಲೇ ಇತ್ತು. ಹಾಗಾದರೆ ನಿಮ್ಮ ಅಧಿಕಾರಿಯ ಕೈಯಲ್ಲಿರುವುದು ಎಲ್ಲಿಂದ ಬಂತು?"

ಅಧಿಕಾರಿಯ ತೋಳಿನ ಮಡಿಕೆಯಿಂದ ಬಂದಿತ್ತು. ಪ್ರತಿ ವರ್ಷವೂ ಹಾಗೆಯೇ ಬರುತ್ತಿತ್ತು. ಅವನು ಅಲ್ಲಿಯೇ ಒಪ್ಪಿಕೊಂಡ.

ಜನ ಕೂಗಿದರು. ಪಾಳೆಯಗಾರನ ಮುಖ ಕಪ್ಪಿಟ್ಟಿತು. ಅವನು ಭಾವಮೈದುನನನ್ನು ನಾಡಿನಿಂದ ಹೊರಗಟ್ಟಿದ, ಅಧಿಕಾರಿಯನ್ನು ಸೆರೆಗೆ ಹಾಕಿದ. ಆಮೇಲೆ ಬೀರಣ್ಣನ ಕಡೆ ತಿರುಗಿ, "ನಿನಗೆ ಅನ್ಯಾಯವಾಗಿದೆ. ಈಗ ಮಡಕೆಯೂ ಇಲ್ಲ, ಕಲ್ಲೂ ಇಲ್ಲ. ಯಾವ ಬಿಲ್ಲೆ ಬೇಕೋ ಕೇಳು, ಕೊಡುತ್ತೇನೆ. ಒಂದನ್ನು ಮಾತ್ರ ಕೇಳು" ಎಂದ.

ಆ ಗುಂಪಿನಲ್ಲಿ ಬೀರಣ್ಣನ ಊರಿನವರೂ ಇದ್ದರು. ಕಲ್ಲವ್ವನೂ ಇದ್ದಳು. ಬಿತ್ತನೆಗೆಂದು ಉಳಿಸಿದ್ದ ಕೊನೆಯ ನವಣೆಯನ್ನು ಅವಳು ಕೂಲಿಯವರಿಂದ ಬಿತ್ತಿಸಿದ್ದಳು, ಅದು ಈಗ ಮೊಣಕಾಲುದ್ದ ಬಂದಿತ್ತು. ಬೀರಣ್ಣನ ಕಣ್ಣು ಒಮ್ಮೆ ಅವಳ ಮೇಲೆ ಬಿತ್ತು. ಅವಳು ಕೈ ಮುಗಿಯಲಿಲ್ಲ. ಸುಮ್ಮನೆ ನೋಡುತ್ತಿದ್ದಳು.

ಬೀರಣ್ಣ ಕೊಂಬಿನ ಬಿಲ್ಲೆ ಕೇಳಿದ.

ಅವನು ಮೇಲ್ಗಾಡಿಗೆ ಹೋದ. ಬಹಳ ದಿನ ಅಲೆದ. ಚಳಿಯಲ್ಲಿ ಬಂಡೆಯ ಮೇಲೆ ಮಲಗಿದ, ಕಾಡಿನ ಕಾಯಿ ಗೆಡ್ಡೆ ತಿಂದ. ಕೊನೆಗೆ ಕಡವೆ ಅವನ ಎದುರಿಗೆ ಬಂತು. ನಾಡಿನಲ್ಲಿ ಯಾರೂ ಕಂಡಿರದಷ್ಟು ದೊಡ್ಡದು. ಅವನು ಒಂದೇ ಬಾಣ ಬಿಟ್ಟ. ಅದು ಇದ್ದಲ್ಲೇ ಬಿತ್ತು. ಬೀರಣ್ಣ ಅದರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಅತ್ತ. ಇಷ್ಟು ವರ್ಷ ತನ್ನಿಂದ ಕದ್ದದ್ದು ಈಗ ತನ್ನ ಕೈಗೆ ಬಂತು ಎಂದು ಅತ್ತ. ಆ ಅಳು ಸುಳ್ಳಲ್ಲ.

ಕೊಂಬನ್ನು ಹೆಗಲ ಮೇಲೆ ಹೊತ್ತು ಅವನು ಊರಿನ ಕಡೆ ಇಳಿದ. ದಾರಿಯುದ್ದಕ್ಕೂ ಬೇರೆ ಊರಿನವರು ಹೊರಗೆ ಬಂದು ನೋಡಿದರು, ಬೆನ್ನು ತಟ್ಟಿದರು. ತನ್ನ ಊರಿನ ಗಡಿಗೆ ಬಂದಾಗ ಎದುರಿಗೆ ಕಲ್ಲವ್ವ ಬರುತ್ತಿದ್ದಳು. ತಲೆಯ ಮೇಲೆ ಗಂಟು. ಹಿಂದೆ ಮಕ್ಕಳು, ಅವರ ಹಿಂದೆ ಗಂಡ. ಅವನ ಬಲಗೈ ಬಟ್ಟೆಯೊಳಗಿತ್ತು. ಎರಡೂ ಬದಿಯ ಹೊಲಗಳಲ್ಲಿ ಮೋಟುಗಳು ಮಾತ್ರ ಉಳಿದಿದ್ದವು. ಒಂದು ಜಿಂಕೆ ಹಿಂಡು ಹಾಡಹಗಲೇ ಬದುವಿನ ಮೇಲೆ ನಿಂತಿತ್ತು.

"ಎಲ್ಲಿಗೆ ಹೊರಟೆ, ಕಲ್ಲವ್ವಾ?" ಎಂದ ಬೀರಣ್ಣ.

"ಕೂಲಿ ಸಿಕ್ಕ ಕಡೆಗೆ."

ಅವಳು ಗಂಟನ್ನು ಇಳಿಸದೆಯೇ ಹತ್ತಿರ ಬಂದಳು. ಕೊಂಬನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದಳು. ಒಂದು ಕವಲನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಚೆನ್ನಾಗಿದೆ ಅಣ್ಣಾ" ಎಂದಳು. "ಆದರೆ ಇದು ಒಂದು ದಿನವೂ ನಮ್ಮ ಹೊಲಕ್ಕೆ ಬಂದದ್ದಲ್ಲ."

ಇಷ್ಟು ಹೇಳಿ ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದು ಮುಂದೆ ನಡೆದಳು. ಮಕ್ಕಳು ಹಿಂತಿರುಗಿ ಕೊಂಬನ್ನು ನೋಡಿಕೊಂಡೇ ಹೋದರು. ಗಂಡ ನೋಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಂತವೀರನ ಮುಖ ಕೆಂಪಾಗಿತ್ತು.

"ಇದೆಂಥ ಕತೆ, ಗುರುಗಳೇ?" ಎಂದ. "ಬೆರಳು ಕತ್ತರಿಸಿದವರು ಅರಮನೆಯವರು. ಕಳ್ಳಕಲ್ಲು ತೆಗೆದವನು ಅಧಿಕಾರಿ. ಬೀರಣ್ಣ ಯಾರ ಬೆರಳನ್ನೂ ಕತ್ತರಿಸಲಿಲ್ಲ, ಯಾರದನ್ನೂ ಕದಿಯಲಿಲ್ಲ. ನಾಡೆಲ್ಲ ಬಾಯಿ ಮುಚ್ಚಿಕೊಂಡಿದ್ದಾಗ ಮಡಕೆ ಒಡೆದವನು ಅವನೊಬ್ಬನೇ. ಅವನ ಕೋಪ ನ್ಯಾಯವಾದದ್ದೇ ಅಲ್ಲವೇ?"

"ನ್ಯಾಯವಾದದ್ದೇ" ಎಂದರು ಗುರುಗಳು. "ನಿನ್ನದೂ ನ್ಯಾಯವಾದದ್ದೇ, ಶಾಂತವೀರ, ಆದರೆ ನಿನ್ನ ಮೇಲೆ ಯಾರಿಗೆ ಕೋಪವಿದೆ ಎಂದು ಒಮ್ಮೆಯಾದರೂ ಕೇಳಿದ್ದೀಯಾ?"