ನೂರು ಕಪ್ಪೆಗಳೂ ಲಾರಿಯ ಹಲ್ಲಿಯೂ

ಕೆಂಪಿ ಎಂಬ ಹಳೆಯ ವ್ಯಾನಿಗೆ ಮದುವೆಯ ದಿಬ್ಬಣ ಒಯ್ಯುವ ಕೆಲಸ ಸಿಕ್ಕಿತು. ಘಾಟಿಯ ದಾರಿಯುದ್ದಕ್ಕೂ ಹಾಡು ಬೇಕೆಂದು ಮದುಮಗಳು ಸುಗುಣಾ ಆಸೆಪಟ್ಟಿದ್ದಳು. ಕೆಂಪಿ ಹಿಗ್ಗಿನಿಂದ ಹಾರನ್ ಬಾರಿಸುತ್ತ ಸ್ಪೀಕರ್ ಅಂಗಡಿಗೆ ಓಡಿತು.

ಅಲ್ಲಿ ಎರಡೇ ಜೋಡಿ ಉಳಿದಿದ್ದವು. ಒಂದು ಮಿರಿಮಿರಿ ಮಿಂಚುವ ನೀಲಿ, ಇನ್ನೊಂದು ಸಾದಾ ಕಪ್ಪು. ಅಂಗಡಿಯ ಮುಂದಿನ ಹೊಂಡದಿಂದ ನೂರು ಕಪ್ಪೆಗಳು ಒಂದೇ ದನಿಯಲ್ಲಿ, "ನೀಲಿಯದು ಅದ್ಭುತ, ಕಣ್ಣುಮುಚ್ಚಿ ಕೊಳ್ಳಿ" ಎಂದವು. ನೂರು ಬಾಯಿ ಸುಳ್ಳಾಡೀತೇ ಎಂದುಕೊಂಡು ಕೆಂಪಿ ನೀಲಿಯದನ್ನು ಕೇಳುವಷ್ಟರಲ್ಲಿ, ಪಕ್ಕದ ಲಾರಿಯ ಕಿಟಕಿಯಲ್ಲಿ ಹಲ್ಲಿಯೊಂದು ಲೊಚಗುಟ್ಟಿತು.

"ಕಪ್ಪು ಸ್ಪೀಕರ್ ನಮ್ಮ ಲಾರಿಯಲ್ಲಿ ಎರಡು ವರ್ಷದಿಂದ ಇದೆ. ದನಿ ತಗ್ಗಿಸಿದರೆ ಕೊಂಚ ಮಂಕು. ಆದರೆ ಎಂಥ ಗುಂಡಿಯಲ್ಲೂ ಹಾಡು ಒಡೆದಿಲ್ಲ."

ಕೆಂಪಿ ಕಪ್ಪೆಗಳತ್ತ ತಿರುಗಿತು. "ನೀವು ನೀಲಿಯದನ್ನು ಯಾವ ಗಾಡಿಯಲ್ಲಿ ಕೇಳಿದಿರಿ?"

ಕಪ್ಪೆಗಳು ಒಂದರ ಮುಖ ಒಂದು ನೋಡಿದವು. "ನಾವು ಗಾಡಿ ಹತ್ತಿದವರೇ ಅಲ್ಲ," ಎಂದಿತು ಹಿರಿಯ ಕಪ್ಪೆ. "ಮೊದಲು ಒಬ್ಬ ಕೂಗಿದ, ಉಳಿದವರು ದನಿಗೂಡಿಸಿದೆವು."

ಕೆಂಪಿ ಕಪ್ಪನ್ನೇ ಹಾಕಿಸಿಕೊಂಡಿತು. ದಿಬ್ಬಣದ ದಿನ ಘಾಟಿಯ ಒಂದು ತಿರುವಿನಲ್ಲೂ ಹಾಡು ತಡವರಿಸಲಿಲ್ಲ. ಅಜ್ಜಿಯರೂ ಕೂತಲ್ಲೇ ಕುಣಿದರು.

"ಇಷ್ಟು ಒಳ್ಳೆಯ ಸ್ಪೀಕರ್ ಕೊಳ್ಳಲು ನಿನಗೆ ಯಾರು ಹೇಳಿದರು, ಕೆಂಪಿ?" ಎಂದು ಸುಗುಣಾ ಕೇಳಿದಳು.

"ಇದರ ಕುಂದನ್ನೂ ಮುಚ್ಚಿಡದೆ ಹೇಳಿದವರು, ತಾಯಿ," ಎನ್ನುತ್ತ ಕೆಂಪಿ ಮುಂದಿನ ತಿರುವನ್ನು ಏರಿತು.