ಸಾಹೇಬರ ಕೋಣೆ, ಹುಲಿಯ ಸೀಮೆ

ಹುಲಿಯ ಹೆಜ್ಜೆಯ ಮೇಲೆ ಗಾಜಿಟ್ಟು, ಗುರುತು ಬರೆದುಕೊಂಡು ಎಣಿಸುತ್ತಿದ್ದ ಕಾಲ ಅದು. ಕಾಡಿನ ನಡುವೆ ಹೆಂಚಿನ ಬಂಗಲೆ, ಅದಕ್ಕೊಬ್ಬ ವಾಚರ್ ಕೇತ. ಹೆಜ್ಜೆ ನೋಡಿದರೆ ಯಾವ ಹುಲಿ ಎಂದು ನೆಂಟರ ಹೆಸರು ಹೇಳಿದಂತೆ ಹೇಳುತ್ತಿದ್ದ. ಅಂಥ ಕಣ್ಣು ಈಗೆಲ್ಲಿ ಸಿಗಬೇಕು!

ಹೊಸದಾಗಿ ಬಂದ ಸಾಹೇಬರು ಅವನ ಎಣಿಕೆ ನೋಡಿ ಕೆರಳಿದರು.

"ಇಷ್ಟು ದೊಡ್ಡ ಕಾಡಿಗೆ ಮೂರೇ ಗಂಡು ಹುಲಿಯೇನೋ? ನೀರಿದೆ, ಜಿಂಕೆಯಿದೆ, ಮೂವತ್ತಾದರೂ ಇರಬೇಕು. ನಾಳೆಯೊಳಗೆ ತೋರಿಸು, ಇಲ್ಲ ಕೆಲಸ ಬಿಟ್ಟು ನಡಿ!"

"ಆಗಲಿ ಬುದ್ಧಿ" ಅಂದ ಕೇತ.

ಸಂಜೆ ಸಾಹೇಬರು ತಿರುಗಾಡಿ ಬಂದರೆ, ಅವರ ಕೋಣೆಯ ತುಂಬ ಹಾಸಿಗೆಗಳು. ಒಂದರ ಮೇಲೆ ಲಾರಿ ಡ್ರೈವರ್ ಚೌಡಣ್ಣ ಕಾಲು ಚಾಚಿ ಬೀಡಿ ಸೇದುತ್ತಿದ್ದಾನೆ. ಪಕ್ಕದಲ್ಲಿ ಕೇತ ನಿಂತಿದ್ದಾನೆ.

"ಯಾವನೋ ಇವನು? ಇದು ನನ್ನ ಕೋಣೆ! ಬಾಗಿಲಿಗೆ ನನ್ನ ಟೋಪಿ ಹಾಕಿದ್ದು ಕಾಣಲಿಲ್ಲವೇನೋ?"

"ಕಾಣಿಸ್ತು ಬುದ್ಧಿ. ಆದ್ರೆ ಸೂರು ಗಟ್ಟಿಯಾಗಿ ಅದೆ, ನೀರು ಅದೆ, ಒಲೆ ಮೇಲೆ ಕೋಳಿಸಾರು ಅದೆ. ಎಂಟು ಜನ ಇರಬೌದಲ್ಲ ಅಂದ್ಕೊಂಡೆ" ಅಂದ ಕೇತ.

"ಜಾಗ ಇದೆ ಅಂತ ಕಂಡವರನ್ನೆಲ್ಲ ಬಿಟ್ಟುಕೊಳ್ಳೋದಕ್ಕಾಗುತ್ತೇನೋ?"

"ಹುಲೀನೂ ಅದನ್ನೇ ಅಂತದೆ ಬುದ್ಧಿ. ಕಾಡು ಎಲ್ಲಾ ಹುಲಿಗೂ ಮನೆ. ಅದರೊಳಗೆ ಒಂದೊಂದು ಗಂಡು ತನ್ನ ಸೀಮೆ ಮಾಡ್ಕೊಂಡು, ಮರ ಪರಚಿ ಗುರುತು ಹಾಕ್ತದೆ. ಇನ್ನೊಂದು ಗಂಡನ್ನ ಒಳಕ್ಕೆ ಬಿಡಕಿಲ್ಲ. ಪಾಪ, ಅದಕ್ಕೆ ಟೋಪಿ ಇಲ್ಲ ನೋಡಿ."

ಸಾಹೇಬರು ಬಾಗಿಲು ನೋಡಿದರು, ಹಾಸಿಗೆ ನೋಡಿದರು. ಮೀಸೆಯಡಿ ನಗು ತಡೆಯಲಾಗಲಿಲ್ಲ.

"ಮೂರೇ ಅಂತ ಬರ್ಕೋತೀನಿ ಕಣಯ್ಯ. ಮೊದಲು ನನ್ನ ಸೀಮೆಯಿಂದ ಈ ನಾಲ್ಕನೇ ಹುಲೀನ ಎಬ್ಬಿಸು!"