ಒಂದೇ ಕಡೆ ಹರಿದ ಮೂರು ರಬ್ಬರ್‌ಗಳು

“ಗುರುಗಳೇ, ಮುರಿಯದ ಪ್ರತಿಜ್ಞೆ ಯಾವುದು?” ಎಂದು ಬಸವಂತ ಕೇಳಿದ.

ಊರಿನಲ್ಲಿ ಬಸವಂತನೂ ಅವನ ಅಣ್ಣನೂ ಒಂದೇ ಬಟ್ಟೆ ಅಂಗಡಿಯಲ್ಲಿ ಕೂರುವವರು. ಅಣ್ಣ ಒಂದು ಮಾತು ಅಂದರೆ ಬಸವಂತ ನಾಲ್ಕು ಅನ್ನುವವನು, ಅದೂ ಗಿರಾಕಿಗಳ ಎದುರಿಗೇ. ಒಂದು ಸಲ ಮಠಕ್ಕೆ ಬಂದು, ಇನ್ನು ಅಣ್ಣನಿಗೆ ಎದುರಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಹೋದ. ಅದು ಹತ್ತು ದಿನ ನಿಂತಿತು. ಮತ್ತೊಮ್ಮೆ ಬಂದು, ಎದುರಾಡಿದ ದಿನ ಊಟ ಬಿಡುತ್ತೇನೆ ಎಂದ. ಅದು ಒಂದು ವಾರ ನಿಂತಿತು. ಮೂರನೆಯ ಸಲ, ಅಂಗಡಿಯಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ ಎಂದ. ಅದು ಎರಡನೆಯ ದಿನವೇ ಹೋಯಿತು. ಈಗ ಅಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಇನ್ನೊಂದು ಸಲ ಹೀಗಾದರೆ ಅಂಗಡಿಯೂ ಬೇರೆ, ಒಲೆಯೂ ಬೇರೆ.

“ಇನ್ನೂ ಗಟ್ಟಿಯಾದದ್ದು ಬೇಕು. ನೀವೇ ಆರಿಸಿಕೊಡಿ,” ಎಂದ ಬಸವಂತ.

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವಳು ಇದ್ದಳು. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಆರು ಜನಕ್ಕೆ ಊಟ ಕೊಟ್ಟಳು. ಆಮೇಲೆ ಸೈಕಲ್ಲಿನಲ್ಲಿ ಒಯ್ದು ಇಪ್ಪತ್ತು ಜನಕ್ಕೆ ಕೊಟ್ಟಳು. ಕೊನೆಗೆ ಯಾರೋ ಓಡಿಸಿ ಬಿಟ್ಟ ಹಳೆಯ ಕಾರು ಕೊಂಡು, ಓಡಿಸಲು ಕಲಿತು, ಊರಾಚೆಯ ನೂಲಿನ ಗಿರಣಿಯ ಅರವತ್ತು ಜನಕ್ಕೆ ದಿನವೂ ಮಧ್ಯಾಹ್ನದ ಊಟ ಒಯ್ಯತೊಡಗಿದಳು. ಯಾರ ಕೈ ಹಿಡಿದೂ ಮೇಲೆ ಬಂದವಳಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರೂ ಅದನ್ನು ಮರೆಯದ ಹಾಗೆ ನೋಡಿಕೊಳ್ಳುತ್ತಿದ್ದಳು.

ಕಾರಿಗೆ ಹದಿನೈದು ವರ್ಷವಾಗಿತ್ತು. ಒಂದು ದಿನ ಅದರ ಹಿಂದುಗಡೆಯಿಂದ ಕಟಕಟ ಸದ್ದು ಬಂತು. ತಿರುವಿನಲ್ಲಿ ಹಿಂಭಾಗ ಓಲಾಡಿತು. ಗಿರಣಿಯ ಅಂಗಳದಲ್ಲಿ ಡಿಕ್ಕಿ ತೆಗೆದು ನೋಡಿದರೆ ಸಾಂಬಾರಿನ ಪಾತ್ರೆ ಮಗುಚಿ, ಮುಚ್ಚಳದ ಕೊಂಡಿ ಕಳಚಿ, ಅರ್ಧ ಚೆಲ್ಲಿತ್ತು.

“ಏನಕ್ಕಾ, ಮೊದಲ ಪಂಕ್ತಿ ಡಿಕ್ಕಿಗೇ ಬಡಿಸಿಬಿಟ್ಟಿರಾ?” ಎಂದ ಒಬ್ಬ ಕೆಲಸಗಾರ. ಎಲ್ಲರೂ ನಕ್ಕರು. ಗಿರಣಿಯ ಮೇಸ್ತ್ರಿ ನಗಲಿಲ್ಲ.

ಅವಳ ಬೀದಿಯ ಗ್ಯಾರೇಜಿನವನು ಕಾರಿನ ಕೆಳಗೆ ನುಸುಳಿ ನೋಡಿದ. ಸ್ಪ್ರಿಂಗ್ ಸರಿಯಾಗಿತ್ತು. ಶಾಕ್ ಅಬ್ಸಾರ್ಬರ್ ಸರಿಯಾಗಿತ್ತು. ಹೋಗಿದ್ದದ್ದು ಬುಷ್. ಹಿಂದಿನ ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆ ಮುಷ್ಟಿ ಗಾತ್ರದ ಒಂದು ರಬ್ಬರ್ ಇರುತ್ತದೆ. ಅದನ್ನೇ ಬುಷ್ ಎನ್ನುತ್ತಾರೆ. ರಸ್ತೆಯ ಏಟು ಮೈಗೆ ತಟ್ಟುವ ಮೊದಲು ಅದಕ್ಕೆ ತಟ್ಟುತ್ತದೆ. ಎರಡು ಕಡೆಯವೂ ಹಳತಾಗಿ ಪುಡಿಪುಡಿಯಾಗಿದ್ದವು.

“ಹೊಸದು ತಂದುಕೊಡಿ, ಹಾಕುತ್ತೇನೆ,” ಎಂದ ಗ್ಯಾರೇಜಿನವನು.

ಅಡುಗೆಯವಳು ಬಿಡಿಭಾಗದ ಅಂಗಡಿಗೆ ತಾನೇ ಹೋದಳು. ತನ್ನ ಸಾಮಾನನ್ನು ಬೇರೆಯವರು ಆರಿಸುವುದು ಅವಳಿಗೆ ಆಗದ ಮಾತು. ಅಂಗಡಿಯವನು ಮೂರು ತರದ ಬುಷ್‌ಗಳನ್ನು ಮೇಜಿನ ಮೇಲೆ ಇಟ್ಟ. ಅವಳು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿದಳು, ಮೂಸಿದಳು, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು.

“ಅಕ್ಕಾ, ಅದು ತೆಂಗಿನಕಾಯಿ ಅಲ್ಲ,” ಎಂದ ಅಂಗಡಿಯವನು.

“ನೀವು ತೂಗಿ ಕೊಡಿ ಸಾಕು, ನೋಡುವುದು ನನಗೆ ಬಿಡಿ.”

“ಇದನ್ನು ತೂಗುವುದೂ ಇಲ್ಲ ಅಕ್ಕಾ.”

ಅವಳು ಕಾರಿನ ಕಂಪನಿಯೇ ಮಾಡಿಸಿದ ಸಾಧಾರಣ ಬುಷ್ ತೆಗೆದುಕೊಂಡಳು. ಹಾಕುವಾಗ ಪಕ್ಕದಲ್ಲೇ ನಿಂತಳು. ಗ್ಯಾರೇಜಿನವನು ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ಬಿಚ್ಚಿ, ಬುಷ್ ಕೂರಿಸಿ, ಬೋಲ್ಟು ತೊಡಿಸಿದ. ಇನ್ನೂ ಪೂರ್ತಿ ಬಿಗಿದಿರಲಿಲ್ಲ, ಅಷ್ಟರಲ್ಲೇ ಚಕ್ರ ತೊಡಿಸಿ ಜಾಕ್ ಇಳಿಸಲು ಹೊರಟ.

“ತಡೆಯಪ್ಪ,” ಎಂದಳು ಅವಳು. “ಮೊದಲು ಬಿಗಿ. ಆಮೇಲೆ ಇಳಿಸು.”

ಅವಳ ಅಡುಗೆಮನೆಯಲ್ಲಿ ಮುಚ್ಚಳದ ಕೊಂಡಿ ಬಿಗಿಯದೆ ಒಂದು ಪಾತ್ರೆಯೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಇಪ್ಪತ್ತು ವರ್ಷ ಅವಳನ್ನು ಕಾಪಾಡಿದ ಪದ್ಧತಿ ಅದು. ಗ್ಯಾರೇಜಿನವನು ಹಾಗೆಯೇ ಬಿಗಿದ. ಕಾರು ಮೇಲಿದ್ದಾಗ ಬಿಗಿಯುವುದೇ ಅವನಿಗೂ ಸಲೀಸು; ಇಳಿಸಿದ ಮೇಲೆ ಕೆಳಗೆ ಕೈ ಹೋಗುವುದಿಲ್ಲ.

ನಾಲ್ಕು ತಿಂಗಳಿಗೆ ಆ ಬುಷ್ ಹರಿಯಿತು.

ಅವಳು ಅಂಗಡಿಗೆ ಹೋಗಿ ಅಂಗಡಿಯವನನ್ನು ಬೈದಳು. ಈ ಸಲ ಹೊರದೇಶದಿಂದ ಬಂದ, ಮೇಲಾದ ಬುಷ್ ತಂದಳು. ಕಾರು ಜಾಕ್ ಮೇಲಿರುವಾಗಲೇ ಬೋಲ್ಟನ್ನು ಮೊದಲಿಗಿಂತ ಹೆಚ್ಚು ಬಿಗಿಸಿದಳು. ಅದು ಮೂರು ತಿಂಗಳಿಗೆ ಹರಿಯಿತು. ಮತ್ತೆ ಬೈದಳು. ಮೂರನೆಯ ಸಲ ಟ್ಯಾಕ್ಸಿಯವರು ಹಾಕಿಸುವ ಗಟ್ಟಿ ರಬ್ಬರಿನ ಬುಷ್ ತಂದಳು. ಒತ್ತಿದರೆ ಹೆಬ್ಬೆರಳೇ ನೋಯುತ್ತಿತ್ತು. ಇದು ನಿಮ್ಮ ಕಾರಿಗಿಂತ ಹೆಚ್ಚು ಬಾಳುತ್ತದೆ ಎಂದು ಅಂಗಡಿಯವನು ಭರವಸೆ ಕೊಟ್ಟ. ಅದು ಒಂದೂವರೆ ತಿಂಗಳಿಗೆ ಹರಿಯಿತು.

ಆ ದಿನ ಶನಿವಾರ. ಊಟ ಮುಕ್ಕಾಲು ಗಂಟೆ ತಡವಾಗಿ ಗಿರಣಿ ತಲುಪಿತು. ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದು, “ಅಕ್ಕಾ, ನಿಮ್ಮ ಕೈಯ ರುಚಿಗೆ ನಾನೇ ಮೊದಲು ತಲೆದೂಗುವವನು. ಆದರೆ ಇವರಿಗೆ ಇರುವುದು ಅರ್ಧ ಗಂಟೆ ಬಿಡುವು. ಸೋಮವಾರವೂ ಹೀಗಾದರೆ ಮಂಗಳವಾರದಿಂದ ಬೇರೆಯವರಿಗೆ ಹೇಳುತ್ತೇನೆ,” ಎಂದ.

ಅವಳು ಗ್ಯಾರೇಜಿನಲ್ಲಿ ಹರಿದ ಬುಷ್ ಬಿಚ್ಚಿಸಿಕೊಂಡು ಮನೆಗೆ ಬಂದಳು. ಮತ್ತೆ ಅಂಗಡಿಗೆ ಹೋಗಿ ಬೈಯಬೇಕೆಂದು ಹೊರಟವಳು ಬಾಗಿಲಲ್ಲಿ ನಿಂತಳು. ಬೈಯಲು ಏನೂ ಅಡ್ಡಿಯಿರಲಿಲ್ಲ. ಆದರೆ ಒಂದು ಸಂಗತಿ ಅವಳನ್ನು ಕೊರೆಯುತ್ತಿತ್ತು: ಮೆತ್ತಗಿನದಕ್ಕಿಂತ ಗಟ್ಟಿಯದು ಮೊದಲು ಹರಿದದ್ದು ಹೇಗೆ?

ಹರಿದ ಬುಷ್‌ಗಳನ್ನು ಅವಳು ಎಸೆದಿರಲಿಲ್ಲ. ಮೂರು ಸಲದ್ದರಲ್ಲೂ ಒಂದೊಂದನ್ನು ಹೊರಗೆ ತೆಗೆದು ಸೋಪಿನಿಂದ ತೊಳೆದು ಜಗುಲಿಯ ಮೇಲೆ ಸಾಲಾಗಿ ಇಟ್ಟಳು. ಕೂತು ನೋಡಿದಳು. ಒಂದನ್ನು ತಿರುಗಿಸಿ, ಅದರ ಪಕ್ಕಕ್ಕೆ ಇನ್ನೊಂದನ್ನು ಅದೇ ರೀತಿ ತಿರುಗಿಸಿ ಹಿಡಿದಳು. ಮೂರೂ ಒಂದೇ ಕಡೆ ಹರಿದಿದ್ದವು. ಬಿರುಕು ಮೂರರಲ್ಲೂ ಒಂದೇ ದಿಕ್ಕಿಗೆ ಓಡಿತ್ತು. ಮೂರು ಬೇರೆ ಬೇರೆ ಕಾರ್ಖಾನೆಯವರು ಮಾತಾಡಿಕೊಂಡು ಒಂದೇ ತಪ್ಪು ಮಾಡುವುದಿಲ್ಲ. ಅಂಗಡಿಯವನನ್ನು ಬೈದದ್ದು ವ್ಯರ್ಥ ಎಂದು ಅವಳಿಗೆ ಹೊಳೆಯಿತು. ಅದು ಹೊಳೆದದ್ದು ಅವಳಿಗೆ ಹಿತವಾಗಲಿಲ್ಲ. ಆದರೂ ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಲಾರಿ ನಿಲ್ದಾಣದ ಹತ್ತಿರ ಹಳೆಯ ಗಾಡಿಗಳನ್ನಷ್ಟೇ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ ಮೆಕ್ಯಾನಿಕ್ಕನ ಬಳಿಗೆ ಹೋದಳು.

ಮುದುಕ ಬುಷ್‌ಗಳನ್ನು ನೋಡಿದ. ಎಲ್ಲಿ ಕೊಂಡದ್ದು ಎಂದು ಕೇಳಲಿಲ್ಲ.

“ಬೋಲ್ಟು ಬಿಗಿಯುವಾಗ ಚಕ್ರ ಎಲ್ಲಿತ್ತು ತಾಯಿ?” ಎಂದ.

“ಚಕ್ರ ಬಿಚ್ಚಿತ್ತು. ಕಾರು ಜಾಕ್ ಮೇಲೆ. ತೋಳು ಗಾಳಿಯಲ್ಲಿ ಜೋತಾಡುತ್ತಿತ್ತು.”

“ಕಾರಿನೊಳಗೆ ಏನಿತ್ತು?”

“ಏನಿರುತ್ತದೆ? ಎಲ್ಲ ಇಳಿಸಿ, ತೊಳೆದು ಒಯ್ದಿದ್ದೆ. ಕೊಳಕು ಗಾಡಿ ತಂದುಕೊಡುವವಳಲ್ಲ ನಾನು.”

ಮುದುಕ ತಲೆಯಾಡಿಸಿದ. ಒಂದು ಬುಷ್ಷಿನ ನಡುವಿನ ಕಬ್ಬಿಣದ ಕೊಳವೆಗೆ ಬೆರಳು ಹಾಕಿದ.

“ಈ ರಬ್ಬರ್ ಒಳಗಿನ ಕೊಳವೆಗೂ ಅಂಟಿದೆ, ಹೊರಗಿನ ಬಳೆಗೂ ಅಂಟಿದೆ. ನೀನು ಬಿಗಿದ ಗಳಿಗೆಯಲ್ಲಿ ತೋಳು ಹೇಗಿತ್ತೋ ಅದೇ ಇದಕ್ಕೆ ನೆಟ್ಟಗಿರುವ ನಿಲುವು. ನೀನು ಬಿಗಿಸಿದ್ದು ಜೋತಾಡುವಾಗ. ಕಾರು ನೆಲಕ್ಕೆ ಇಳಿಯಿತು, ಅರವತ್ತು ಜನರ ಅನ್ನ ಏರಿತು, ತೋಳು ಮೇಲಕ್ಕೆ ಬಂತು, ಇದು ತಿರುಚಿಕೊಂಡಿತು. ಬಟ್ಟೆ ಹಿಂಡಿದ ಹಾಗೆ. ನಿನ್ನ ಬೀದಿ ದಾಟುವ ಮೊದಲೇ ಅರ್ಧ ಹಿಂಡಿ ಆಗಿತ್ತು. ಉಳಿದ ಅರ್ಧವನ್ನು ಗಿರಣಿಯ ರಸ್ತೆ ಹಿಂಡಿತು.”

“ಹಾಗಾದರೆ ಗಟ್ಟಿಯದು ಇನ್ನೂ ಬೇಗ ಯಾಕೆ ಹೋಯಿತು?”

“ಮೆತ್ತಗಿನದು ತಿರುಚಿಕೊಂಡಾದರೂ ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಇದಕ್ಕೆ ಅದೂ ಬರುವುದಿಲ್ಲ.”

ಅಡುಗೆಯವಳು ಇಲ್ಲಿಗೆ ಮಾತು ಮುಗಿಸಿ ಹೋಗಬಹುದಿತ್ತು. ತಪ್ಪು ಗ್ಯಾರೇಜಿನವನದು ಎಂದು ಮುದುಕ ತಿಳಿದುಕೊಂಡಿದ್ದರೆ ತಿಳಿದುಕೊಳ್ಳಲಿ ಎನ್ನಬಹುದಿತ್ತು.

“ಇಳಿಸುವ ಮೊದಲು ಬಿಗಿ ಎಂದವಳು ನಾನೇ,” ಎಂದಳು.

“ಅಂದೆ ಸರಿ. ಬಿಗಿದವನು ನಿನ್ನ ಮಾತು ಕೇಳಬಾರದಿತ್ತು,” ಎಂದ ಮುದುಕ.

“ಈಗ ಯಾವ ಬುಷ್ ತರಲಿ?”

“ಈ ಮೂರರಲ್ಲಿ ಕಂಪನಿಯದೊಂದು ಇದೆಯಲ್ಲ, ಆ ಸಾಧಾರಣದ್ದೇ ತಾ. ಜೊತೆಗೆ ನಿನ್ನ ಪಾತ್ರೆಗಳನ್ನೂ ತಾ.”

ಭಾನುವಾರ ಗಿರಣಿಗೆ ರಜೆ. ಅವಳು ಕಾರನ್ನು ಎಳೆಸಿಕೊಂಡು ಬಂದಳು; ಬುಷ್‌ಗಳನ್ನೂ ಪಾತ್ರೆಗಳನ್ನೂ ತಂದಳು. ಮುದುಕ ಬುಷ್‌ಗಳನ್ನು ಕೂರಿಸಿ, ಬೋಲ್ಟುಗಳನ್ನು ಸಡಿಲವಾಗಿಯೇ ತೊಡಿಸಿ, ಚಕ್ರಗಳನ್ನು ಹಾಕಿ ಕಾರನ್ನು ಇಳಿಸಿದ. ಅಡುಗೆಯವಳ ಕೈ ಅವಳಿಗೆ ಗೊತ್ತಿಲ್ಲದೆ ತಡೆಯಲು ಮುಂದೆ ಬಂತು. ಅವಳು ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಮುದುಕ ಕಾರನ್ನು ನಿಧಾನವಾಗಿ ತಳ್ಳಿ, ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ನಿಲ್ಲಿಸಿದ. ನಾಲ್ಕು ಚಕ್ರಗಳೂ ನೆಲದ ಮೇಲಿದ್ದವು.

“ಈಗ ಪಾತ್ರೆಗಳಿಗೆ ನೀರು ತುಂಬಿ ಡಿಕ್ಕಿಯಲ್ಲಿ ಇಡು. ದಿನವೂ ಎಷ್ಟು ಹೊರುತ್ತದೋ ಅಷ್ಟೂ. ಆಮೇಲೆ ನೀನು ಕೂರುವ ಜಾಗದಲ್ಲಿ ನೀನು ಕೂರು.”

ಅವಳು ನೀರು ತುಂಬಿ ಇಟ್ಟಳು. ಅನ್ನದ ಪಾತ್ರೆ, ಸಾಂಬಾರಿನ ಪಾತ್ರೆ, ಮಜ್ಜಿಗೆಯ ಕ್ಯಾನು. ಒಂದೊಂದು ಏರಿದಾಗಲೂ ಕಾರು ಸ್ವಲ್ಪ ಸ್ವಲ್ಪ ಕೆಳಗೆ ಕುಳಿತಿತು. ಇಷ್ಟು ವರ್ಷ ಅದನ್ನು ಓಡಿಸಿದ್ದಳು. ಅದು ಎಷ್ಟು ಕೂರುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ಕೊನೆಗೆ ತಾನೂ ಕುಳಿತಳು. ಆಗ ಮುದುಕ ಗುಂಡಿಗೆ ಇಳಿದು ಬೋಲ್ಟುಗಳನ್ನು ಬಿಗಿದ.

ಸೋಮವಾರ ಊಟ ಹೊತ್ತಿಗೆ ಸರಿಯಾಗಿ ತಲುಪಿತು. ಒಂದು ಹನಿಯೂ ಚೆಲ್ಲಿರಲಿಲ್ಲ. ಮೇಸ್ತ್ರಿ ಎರಡನೆಯ ಸಲ ಸಾಂಬಾರು ಹಾಕಿಸಿಕೊಂಡ. ಆ ಬುಷ್‌ಗಳು ಹರಿಯಲಿಲ್ಲ. ಮೂರು ವರ್ಷ ದುಡಿದು, ಸವೆಯಬೇಕಾದ ರೀತಿಯಲ್ಲಿ ಸವೆದವು.

ಗುರುಗಳು ಕತೆ ನಿಲ್ಲಿಸಿದರು.

ಬಸವಂತನ ಮುಖ ಅರಳಿತು. “ತಿಳಿಯಿತು ಗುರುಗಳೇ,” ಎಂದ. “ಗಟ್ಟಿಯದು ಬೇಡ. ಮೊದಲ ಸಲದ ಸಾಧಾರಣ ಪ್ರತಿಜ್ಞೆಯೇ ಸಾಕು. ಅದನ್ನೇ ಮತ್ತೆ ಮಾಡುತ್ತೇನೆ, ಇಲ್ಲೇ, ಈಗಲೇ.” ಹಾಗೆಂದು ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದ.

ಗುರುಗಳು ಅವನ ಜೋಡಿಸಿದ ಕೈಗಳನ್ನು ಮೆಲ್ಲಗೆ ಬಿಡಿಸಿದರು.

“ನಿನ್ನ ಎದುರಿಗೆ ಕುಳಿತಿರುವವನು ನಾನಪ್ಪ, ನಿನ್ನ ಅಣ್ಣನಲ್ಲ. ಇಲ್ಲಿ ನಿನ್ನ ಗಾಡಿ ಜಾಕ್ ಮೇಲಿದೆ; ಅಂಗಡಿಗೆ ಹೋಗಿ ಅವನ ಎದುರಿಗೆ ಬಿಗಿ.”